ನಾನು ಬಂದ್ ಮಾಡಿದ ಮೈಕ್

ಮೈಕ್ ಸೆಟ್ ಬಾಡಿಗೆಗೆ ಕೊಡುವವನಿಗೆ ಕಾರ್ಯಕ್ರಮದ ಹಿಂಭಾಗ ಕಾಣುತ್ತದೆ. ಎದುರಿಗೆ ಕೂತವರು ಹಾರ, ಶಾಲು ನೋಡಿದರೆ ನಾನು ಪರದೆಗೆ ಒರೆಸಿದ ಮಿರ್ಚಿ ಭಜಿಯ ಎಣ್ಣೆ ನೋಡುತ್ತೇನೆ, ಮೂಲೆಯಲ್ಲಿ ಉಗುಳಿದ ಗುಟ್ಕಾ ನೋಡುತ್ತೇನೆ. ಅಫಜಲಪುರ, ಜೇವರ್ಗಿ, ಆಳಂದ ಅಂತ ಸ್ಪೀಕರ್ ಡಬ್ಬಾ ಹೊತ್ತು ತಿರುಗಿ, ವೇದಿಕೆ ಅಂದರೆ ನನಗೆ ಹೇಸಿಕೆ ಬಂದುಬಿಟ್ಟಿತ್ತು.

ನನ್ನ ಅಕ್ಕನಿಗೆ ಅದೇ ವೇದಿಕೆ ಅಂದರೆ ಜೀವ. ಆಕೆಯನ್ನು ನಾನು ಆಪಾ ಅನ್ನುತ್ತೇನೆ. ಆಪಾ ಹತ್ತನೇ ಕ್ಲಾಸಿನ ತನಕ ಓದಿದಳು, ನಾನು ಐದಕ್ಕೇ ಶಾಲೆ ಬಿಟ್ಟೆ. ಆಕೆ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಕಲಬುರಗಿಯಿಂದ ತಿಂಗಳಿಗೊಮ್ಮೆ ಬರುವ ಸಾಹಿತ್ಯ ಪತ್ರಿಕೆಯನ್ನು ಅಂಚೆಯವನು ಕೊಟ್ಟುಹೋದ ದಿನ ಹೊಲಿಗೆ ಮಷೀನು ನಿಂತುಬಿಡುತ್ತದೆ. ಗಿರಾಕಿ ಬಂದರೆ ಬಾಗಿಲಲ್ಲೇ, "ನಾಳಿಗಿ ಬರ್ರಿ, ಇವತ್ತ ಪತ್ರಿಕಿ ಬಂದದ" ಅನ್ನುತ್ತಾಳೆ, ಬೀಗರು ಬಂದಿದ್ದಾರೆ ಅನ್ನುವ ಹಾಗೆ. ಮೊದಲು ಓದುಗರ ಪತ್ರ, ಆಮೇಲೆ ಕಥೆ. ಕವಿತೆಗಳನ್ನು ಮರುದಿನಕ್ಕೆ ಉಳಿಸಿಕೊಳ್ಳುತ್ತಾಳೆ. ಕಲಬುರಗಿಯಲ್ಲಿ ಪುಸ್ತಕ ಬಿಡುಗಡೆ ಇರಲಿ, ನಾಟಕ ಇರಲಿ, ಬುರ್ಖಾ ಹಾಕಿಕೊಂಡು ಬೆಳಗಿನ ಬಸ್ಸು ಹತ್ತುತ್ತಾಳೆ. ನಮ್ಮ ಮನೆಮಾತು ಉರ್ದು. ಓದಿದ್ದನ್ನು ಹೇಳುವಾಗ ಮತ್ತು ನನ್ನನ್ನು ಬೈಯುವಾಗ ಆಪಾ ಕನ್ನಡಕ್ಕೆ ಹೊರಳುತ್ತಾಳೆ.

"ಅಲ್ಲಿ ಮಂದಿ ಮಾತ ಕೇಳಾಕ ಬರ್ತಾರೋ," ಅಂತ ಒಂದು ದಿನ ಹೇಳಿದಳು.

"ಊಟಕ್ಕ ಬರ್ತಾರ ಆಪಾ. ನಾ ದಿನಾ ನೋಡ್ತೇನಿ."

"ನಿನ್ನ ತಲ್ಯಾಗ ಬರೇ ವೈರ್ ತುಂಬ್ಯಾವ ಲೇ."

ಹೋದ ಚಳಿಗಾಲದಲ್ಲಿ ಆ ಪತ್ರಿಕೆಯವರು ಆಳಂದದಲ್ಲಿ ಓದುಗರ ಸಮಾವೇಶ ಇಟ್ಟರು. ತಪ್ಪದೆ ಪತ್ರ ಬರೆಯುವ ಆಪಾನಿಗೆ ಸಂಪಾದಕರೇ ಫೋನ್ ಮಾಡಿ, ಓದುಗರ ಪರವಾಗಿ ಹತ್ತು ನಿಮಿಷ ಮಾತಾಡಬೇಕು ಅಂದರು. ತಮ್ಮನ ಹತ್ತಿರ ಮೈಕ್ ಸೆಟ್ ಇದೆ ಅಂತ ಈಕೆ ಹೇಳಿದ್ದರಿಂದ ಆ ಕೆಲಸ ನನಗೆ ಬಂತು. ಆಪಾ ಯಾವತ್ತೂ ಮೈಕಿನ ಮುಂದೆ ನಿಂತವಳಲ್ಲ. ಅಷ್ಟು ವರ್ಷ ಓದಿದ್ದರ ಬಗ್ಗೆ ಮಂದಿಗೆ ಹೇಳಲು ಸಿಕ್ಕ ಒಂದೇ ಅವಕಾಶ ಅದು. ವಾರವಿಡೀ ಗಿರಾಕಿಗಳ ಬ್ಲೌಸುಗಳ ಮುಂದೆ ಮಾತಾಡಿಕೊಂಡಳು.

ಆ ದಿನ ಮಾರಾಟಕ್ಕೆ ತಂದ ಪತ್ರಿಕೆಯ ಕಟ್ಟೊಂದನ್ನು ಅಲುಗಾಡುವ ಟೀಪಾಯಿಯ ಕಾಲಿನ ಕೆಳಗೆ ಇಟ್ಟಿದ್ದರು. ಟೀಪಾಯಿಯ ಮೇಲೆ ಗೋಡಂಬಿಯ ತಟ್ಟೆ. ಮುಂದಿನ ಸೋಫಾದಲ್ಲಿ ಕವಿಗಳು ಮೆಲ್ಲುತ್ತ, ಮೊಬೈಲಿನಲ್ಲಿ ತಮ್ಮ ಫೋಟೋ ತಾವೇ ನೋಡಿಕೊಳ್ಳುತ್ತಿದ್ದರು. ಆಪಾ ಮೈಕಿನ ಹತ್ತಿರ ಬರುವಾಗ ನಿರೂಪಕ, "ಮುಸ್ಲಿಂ ಹೆಣ್ಣಮಗಳು, ಎಷ್ಟ ಛಂದ ಕನ್ನಡ ಮಾತಾಡ್ತಾರ ನೋಡ್ರಿ, ಒಂದ ಚಪ್ಪಾಳಿ!" ಅಂದ. ಆಕೆ ಇನ್ನೂ ಬಾಯಿಯೇ ತೆರೆದಿರಲಿಲ್ಲ. ಆಪಾ ನಕ್ಕಳು.

ಆಕೆ ಶುರು ಮಾಡಿ ಸ್ವಲ್ಪ ಹೊತ್ತಾಗಿತ್ತು, ಅಷ್ಟೇ. ಗೇಟಿನಲ್ಲಿ ಒಬ್ಬ ಪುಢಾರಿಯ ಕಾರು ಬಂತು. ವೇದಿಕೆಯ ಅಂಚಿನಲ್ಲಿ ಕೂತಿದ್ದ ಸಂಪಾದಕರು ನನ್ನ ಕಡೆ ತಿರುಗಿ, ನಲ್ಲಿ ತಿರುವುವ ಹಾಗೆ ಕೈ ಮಾಡಿದರು. ಮಾತು ಉದ್ದವಾದಾಗ ಸಂಘಟಕರು ನಮ್ಮಂಥವರಿಗೆ ಮಾಡುವ ಸನ್ನೆ ಅದು. ಎಷ್ಟೋ ಮಾಸ್ತರರ, ಎಷ್ಟೋ ಕವಿಗಳ ಮಾತನ್ನು ನಾನು ಹಾಗೆ ನಿಲ್ಲಿಸಿ ಒಳಗೊಳಗೇ ನಕ್ಕಿದ್ದೇನೆ. ಅವತ್ತೂ ನನ್ನ ಕೈ ತಾನಾಗಿಯೇ ಹೋಗಿ ವಾಲ್ಯೂಮಿನ ಗುಂಡಿಯನ್ನು ಪೂರ್ತಿ ಕೆಳಗೆ ತಿರುವಿತು. ಕೈ ತಾನಾಗಿಯೇ ಹೋಯಿತು ಅನ್ನುವುದೂ ಸುಳ್ಳೇ. ಅಲ್ಲಿ ಮಾತಾಡುತ್ತಿದ್ದವಳು ಆಪಾ ಅಂತ ನನಗೆ ಗೊತ್ತಿತ್ತು. ಮುಂದಿನ ಕೆಲಸ ತಪ್ಪಬಾರದು ಅನ್ನುವುದೂ ಗೊತ್ತಿತ್ತು.

ಆಪಾ ಮೈಕನ್ನು ಬೆರಳಿನಿಂದ ತಟ್ಟಿದಳು. ನನ್ನ ಕಡೆ ನೋಡಿದಳು. ನಾನು ಬಗ್ಗಿ, ದೋಷ ಅಲ್ಲೇ ಇದೆ ಅನ್ನುವವನಂತೆ ಒಂದು ವೈರ್ ಹಿಡಿದುಕೊಂಡು ಕೂತೆ. ಮುಂದಿನ ಸಾಲಿನವರೆಲ್ಲ ಆಕೆಗೆ ಬೆನ್ನು ಹಾಕಿ, ಹಾರ ಹಿಡಿದು ಗೇಟಿನ ಕಡೆ ಓಡುತ್ತಿದ್ದರು. ಆ ಬೆನ್ನುಗಳಿಗೆ ಆಕೆ ಇನ್ನೂ ಸ್ವಲ್ಪ ಹೊತ್ತು ಮಾತಾಡಿದಳು. ತುಟಿ ಅಲುಗುತ್ತಿದ್ದುದು ಕಂಡಿತು. ಆಮೇಲೆ ಇಳಿದು ಹೋದಳು. ಪುಢಾರಿ ಬಂದು "ಹಲೋ ಹಲೋ" ಅಂದಾಗ ಮೈಕ್ ಗಂಟೆಯಂತೆ ಮಾತಾಡಿತು.

ತಿರುಗಿ ಬರುವಾಗ ಟಂಟಂ ಆಟೋದಲ್ಲಿ ಆಪಾ, "ಆಗ್ಗೇ ಕರೆಂಟ್ ಹೋಗಬೇಕಾ ತಮ್ಮಾ? ನನ್ನ ನಸೀಬ ನೋಡು," ಅಂದಳು.

"ಹೂಂ ಆಪಾ. ಫೇಸ್ ಹೋಗಿತ್ತು."

"ನೀ ಏನ ಮಾಡ್ತಿ ಪಾಪ. ಮನಸಿಗಿ ಹಚ್ಕೋಬ್ಯಾಡ."

ನನ್ನನ್ನೇ ಸಮಾಧಾನ ಮಾಡಿದಳು! ಓಣಿಯಲ್ಲಿ ಕೇಳಿದವರಿಗೆಲ್ಲ ಕರೆಂಟಿನ ಕಥೆ ಹೇಳಿದಳು. ನಾನು ಪಕ್ಕದಲ್ಲೇ ಕೂತು ಚಹಾ ಕುಡಿದೆ. ಸಂಪಾದಕರ ಮೇಲೆ ಆಕೆಗಿರುವ ಗೌರವ ಉಳಿಯಲಿ ಅಂತ ಸುಮ್ಮನಿದ್ದೇನೆ ಅಂದುಕೊಂಡೆ. ಉಳಿಸಿಕೊಂಡದ್ದು ನನ್ನ ಮಾನ.

ಹೋದ ವಾರ ಸಂಪಾದಕರ ಫೋನ್ ಬಂತು. ಜೇವರ್ಗಿಯಲ್ಲಿ ಇನ್ನೊಂದು ಕಾರ್ಯಕ್ರಮ.

"ನಿನ್ನಂಥಾ ಮೈಕಿನವ ಸಿಗೂದಿಲ್ಲಪ್ಪ, ಕೈ ಮಾಡಿದ್ರ ತಿಳಕೋತಿ. ಅವತ್ತ ಆ ಹೆಣ್ಣಮಗಳು ಎಲ್ಲಿ ನಿಲ್ಲಸ್ತಿದ್ದಳು!" ಅಂತ ನಕ್ಕರು.

ಆ ಹೆಣ್ಣುಮಗಳು ನನ್ನ ಅಕ್ಕ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ನಾನಾದರೂ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು "ಹೌದ್ರಿ ಸರ್". ಫೋನ್ ಇಟ್ಟು ಬಚ್ಚಲಿಗೆ ಹೋಗಿ ಬಾಯಿ ತೊಳೆದುಕೊಂಡೆ. ಹಳಸಿದ ಸಾರು ಕುಡಿದ ಹಾಗಿತ್ತು. ಅಲ್ಲಿಂದ ಸೀದಾ ಆಪಾನ ಹತ್ತಿರ ಹೋದೆ.

ಆಕೆ ತುಟಿಯಲ್ಲಿ ಟಾಚಣಿಗಳನ್ನು ಕಚ್ಚಿಕೊಂಡು ಬಟ್ಟೆಗೆ ಒಂದೊಂದಾಗಿ ಚುಚ್ಚುತ್ತಿದ್ದಳು.

"ಆಪಾ, ಆಳಂದದಾಗ ಕರೆಂಟ್ ಹೋಗಿದ್ದಿಲ್ಲ."

ಆಕೆ ಟಾಚಣಿ ತೆಗೆದು ಕೈಯಲ್ಲಿ ಹಿಡಿದಳು. "ಮತ್ತ?"

"ಸಂಪಾದಕರು ಬಂದ್ ಮಾಡು ಅಂತ ಕೈ ಮಾಡಿದ್ರು."

"ಕೈ ಅವರು ಮಾಡಿದ್ರು. ಬಂದ್ ಮಾಡಿದಾಂವ ಯಾರು?"

"ನಾ."

ಬೈಯಲಿ ಅಂತ ಕಾದೆ. ಬೈಯಲಿಲ್ಲ. ಸುಮ್ಮನಿರಲಾರದೆ ನಾನೇ, "ಇನ್ನ ಆ ಪತ್ರಿಕಿ ಬಿಟ್ಟಬಿಡು ಆಪಾ, ಹೊಲಸ ಮಂದಿ," ಅಂದೆ.

"ಯಾಕ ಬಿಡ್ಲಿ? ಅದರಾಗ ಕಥಿ ಬರದವ್ರು ನನಗೇನ ಮಾಡ್ಯಾರ?" ಅಂದಳು. ಆಮೇಲೆ ಕೇಳಿದಳು: "ಒಂದ ಹೇಳು. ನಾ ಯಾವ ಮಾತ ಆಡಾಕತ್ತಾಗ ಬಂದ್ ಮಾಡಿದಿ? ಎಲ್ಲಿ ತನಕ ಕೇಳಿಸ್ತು ಮಂದಿಗಿ?"

ನಾನು ಹುಡುಕಿದೆ. ಅವತ್ತಿನ ಗೋಡಂಬಿ ನೆನಪಿದೆ, ಸಂಪಾದಕರ ಬೆರಳಿನ ಉಂಗುರ ನೆನಪಿದೆ, ಆಕೆಯ ದನಿಗೆ ಆಂಪ್ಲಿಫೈಯರಿನ ಮೇಲೆ ಏರಿಳಿದ ಹಸಿರು ದೀಪ ನೆನಪಿದೆ. ಆಕೆ ಆಡಿದ ಒಂದು ಮಾತೂ ನನ್ನ ಹತ್ತಿರ ಇರಲಿಲ್ಲ. ಬೆನ್ನು ಹಾಕಿದವರನ್ನು ಇಷ್ಟು ದಿನ ಬೈದುಕೊಂಡಿದ್ದೆ. ಎದುರಿಗೇ ಕೂತಿದ್ದ ನಾನು ಶುರುವಿನಿಂದಲೂ ಕೇಳಿರಲಿಲ್ಲ.

"ಗೊತ್ತಿಲ್ಲ ಆಪಾ."

ಆಕೆ ಟಾಚಣಿಗಳನ್ನು ಮತ್ತೆ ತುಟಿಗಳ ನಡುವೆ ಇಟ್ಟುಕೊಂಡು ಬಟ್ಟೆ ಎಳೆದುಕೊಂಡಳು.