ಅವ್ವನ ಹಾಡಿಗಿಟ್ಟ ಹೆಸರು

ನಮ್ಮವ್ವನ ಹಾಡಿಗೆ ಹೆಸರೇ ಇರಲಿಲ್ಲ. ಕಾಖಂಡಕಿಯ ಹೊಲದಲ್ಲಿ ಕಸ ತೆಗೆಯುವಾಗ ಹಾಡುತ್ತಿದ್ದಳು, ಅಷ್ಟೇ. ತವರಿಗೆ ಹೊರಟ ಮಗಳು, ಕರೆಯಲು ಬಂದ ತಮ್ಮನಿಗೆ ಗಾಡಿ ಬೇಗ ಹೊಡೆಯೋ ಎಂದು ಅಂಗಲಾಚುವ ಹಾಡು.

ನನ್ನ ಮದುವೆಗೆ ಮೊದಲು, ವಿಜಯಪುರದ ಜೋರಾಪುರ ಪೇಟೆಯ ಮಾಳಿಗೆ ಕೋಣೆಯೊಂದರಲ್ಲಿ ಅದನ್ನು ರೆಕಾರ್ಡ್ ಮಾಡಿದೆವು. ಜನಪದ ಹಾಡುಗಳನ್ನು ಯೂಟ್ಯೂಬಿಗೆ ಹಾಕುವವನೊಬ್ಬ ಕಾಲೇಜಿನಲ್ಲಿ ನನ್ನ ದನಿ ಕೇಳಿ ಕರೆದಿದ್ದ. ಅವ್ವ ನನ್ನ ಕಾವಲಿಗೆಂದು ಬಂದವಳು. ಆದರೆ ಪ್ರತಿ ನುಡಿಯ ಕೊನೆಗೆ ಪಲ್ಲವಿ ಎತ್ತಿಕೊಳ್ಳುವುದು ಯಾವಾಗಲೂ ಅವಳೇ. ಅವಳಿಲ್ಲದೆ ನನಗೆ ದನಿಯೇ ಏಳಲಿಲ್ಲ. "ಯವ್ವಾ, ನೀನೂ ಬಾಜೂಕ ನಿಂದ್ರಬೇ" ಎಂದೆ. ಸೆರಗು ತಲೆಯ ಮೇಲೆಳೆದುಕೊಂಡು, ನಾಚಿ, ಮೈಕಿಗೆ ಬೆನ್ನು ಮಾಡಿ ನಿಂತಳು ನಮ್ಮವ್ವ!

"ಯಕ್ಕಾ, ಮೈಕ್ ಈ ಕಡಿ ಐತ್ರಿ" ಎಂದು ಅವನು ನಕ್ಕ.

ಹೆಸರಿಟ್ಟವನೂ ಅವನೇ: 'ಜಲ್ದಿ ಹೊಡಿಯೋ ಗಾಡಿ ಹುಡುಗಾ'. ಮೇಲೊಂದು ಚಿತ್ರ. ತುಟಿಗೆ ಬಣ್ಣ ಮೆತ್ತಿಕೊಂಡ ಯಾವಳೋ ಹುಡುಗಿ, ಪಕ್ಕದಲ್ಲಿ ಟ್ರ್ಯಾಕ್ಟರ್. ತಮ್ಮ ಎಲ್ಲಿ ಹೋದ? ತವರು ಎಲ್ಲಿ ಹೋಯಿತು? ಕೇಳಿದರೆ, "ತವರಮನಿ ಅಂತ ಹೆಸರಿಟ್ರ ಯಾರೂ ಒತ್ತಂಗಿಲ್ಲ ತಂಗಿ, ನಿನಗ ತಿಳಿಯೂದಿಲ್ಲ" ಎಂದ. ಅವನ ಬಾಯಿಗೆ ಮಣ್ಣು ಬೀಳಲಿ, ಅವನ ಮಾತೇ ನಿಜವಾಯಿತು. ಕಬ್ಬು ಹೇರುವ ಟ್ರ್ಯಾಕ್ಟರ್ ಹುಡುಗರಿಗೆ ಅದು ಪ್ರೀತಿಯ ಹಾಡು. ಬಬಲೇಶ್ವರದ ಬಸ್ ಸ್ಟ್ಯಾಂಡಿನ ಪುಂಡರಿಗೆ ನನ್ನನ್ನು ಕಂಡಾಗ ಶಿಳ್ಳೆ ಹೊಡೆಯಲು ನೆಪ. ತಿಕೋಟಾದ ದ್ರಾಕ್ಷಿ ತೋಟದ ಹೆಣ್ಣಾಳುಗಳು ಮಾತ್ರ ಹೆಸರಿನ ಗೊಡವೆಗೆ ಹೋಗದೆ, ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರಂತೆ.

ಅಪ್ಪ ಹಾಡು ಕೇಳಲೇ ಇಲ್ಲ. ಹೆಸರು ಕಿವಿಗೆ ಬಿದ್ದದ್ದೇ ಸಾಕಾಯಿತು. ರೆಕಾರ್ಡಿನವನು ಕೊಟ್ಟಿದ್ದ ಪೆನ್‌ಡ್ರೈವನ್ನು ಅಂಗಳದ ಕಲ್ಲ ಮೇಲಿಟ್ಟು ಜಜ್ಜಿದ. "ತಾಯಿ ಮಗಳು ಕೂಡಿ ನನ್ನ ಮಾರಿಗೆ ಮಸಿ ಬಳದ್ರಿ" ಎಂದ. ಆಮೇಲೆ ಹೊಲದಲ್ಲೂ ಅವ್ವ ಹಾಡಲಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು. ಅವಳ ದನಿ ಉಳಿದಿದ್ದು ಆ ಯೂಟ್ಯೂಬಿನ ಹಾಡೊಂದರಲ್ಲೇ. ಕೇಳುವ ಧೈರ್ಯ ನನಗಾಗಿರಲಿಲ್ಲ.

ಮೊನ್ನೆ ಅಪ್ಪ ಅಥಣಿ ರಸ್ತೆಯ ನಮ್ಮ ಮನೆಗೆ ಬಂದಿದ್ದ. ಊಟವಾದ ಮೇಲೆ ಗೋಡೆ ನೋಡುತ್ತ, "ಆ ಹಾಡು ಹಚ್ಚವಾ" ಎಂದ.

"ಯಾವ ಹಾಡಪ್ಪಾ?"

ಗೊತ್ತಿದ್ದೇ ಕೇಳಿದೆ. ಹೇಳಲಿ ಒಮ್ಮೆ ಬಾಯಿ ಬಿಟ್ಟು, ಎಂಬ ಸಿಟ್ಟು. ಅವನು ತಲೆ ತಗ್ಗಿಸಿ ಹೇಳಿದ: "ಜಲ್ದಿ ಹೊಡಿಯೋ... ಗಾಡಿ ಹುಡುಗಾ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮೊಬೈಲಿನಲ್ಲಿ ಹುಡುಕಿದರೆ ಅದೇ ಹೆಸರಿನ ಡಿಜೆ ಹಾಡು ಮಾತ್ರ ಇತ್ತು, ಹಳೆಯದು ಇಲ್ಲ. ಅಡುಗೆಮನೆಗೆ ಹೋಗಿ ರೆಕಾರ್ಡಿನವನಿಗೆ ಫೋನ್ ಮಾಡಿದೆ.

"ಹಳೇದು ತಗದೀವ್ರಿ. ಹಿಂದ ಯಾರೋ ಮುದುಕಿ ದನಿ ಇತ್ತಲ್ಲ, ಡಿಜೆಕ್ಕ ಹೊಂದಲಿಲ್ಲ, ಕಟ್ ಮಾಡಿದ್ವಿ. ಹಾರ್ಡ್ ಡಿಸ್ಕೂ ಕೆಟ್ಟು ಹೋಗೇತ್ರಿ."

ಫೋನ್ ಇಟ್ಟೆ. ಅಲ್ಲೇ ನೆಲದ ಮೇಲೆ ಕುಳಿತೆ. ಅವ್ವನನ್ನು ಮಣ್ಣು ಮಾಡಿದ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

"ಸಿಕ್ತೇನವಾ?" ಹೊರಗಿನಿಂದ ಅಪ್ಪನ ದನಿ.

"ಸಿಕ್ತಪ್ಪಾ" ಎಂದೆ. ಮುಖ ತೊಳೆದು ಬಂದು ಡಿಜೆಯದನ್ನೇ ಹಚ್ಚಿದೆ. ನನ್ನ ದನಿ ಬಂತು, ಡಬಡಬ ಬಡಿತ ಬಂತು. ಅವ್ವ ಎತ್ತಿಕೊಳ್ಳಬೇಕಾದ ಕಡೆಯೆಲ್ಲ ಬರೀ ಬಡಿತ. ಅಪ್ಪ ಬಾಗಿ ಮೊಬೈಲಿಗೆ ಕಿವಿ ಹಚ್ಚಿದ.

"ನಿಮ್ಮವ್ವ ಎಲ್ಲಿ ಬರ್ತಾಳ?"

"ಇನ್ನೂ ಮುಂದ ಬರ್ತಾಳಪ್ಪಾ."

ಹಾಡು ಮುಗಿಯಿತು. ಅಪ್ಪ ಸ್ವಲ್ಪ ಹೊತ್ತು ಬಾಗಿಯೇ ಇದ್ದ.

"ನನ್ನ ಕಿವೀನ ಮಂದ ಆಗ್ಯಾವ" ಎಂದ. "ಇನ್ನೊಮ್ಮೆ ಹಚ್ಚವಾ."