ನಿಂತ ಪಂಪಿನೊಳಗಿನ ಜಲ್ಲಿ ಸದ್ದು

ದೆವ್ವ, ಶಾಪ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬಳ್ಳಾರಿಯಿಂದ ಆಂಧ್ರಕ್ಕೆ ಬಂದು, ಪಂಪು ನಡೆಸಿಯೇ ಮನೆ ಕಟ್ಟಿಸಿದ್ದೇನೆ. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ನಿಜ ಎಂದುಕೊಂಡಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ಮೊದಲು ವಿಶಾಖಪಟ್ಟಣದ ಮಾತು. ಅಲ್ಲಿನ ಒಂದು ಗ್ಯಾಸ್ ಘಟಕದಲ್ಲಿ ನಾನೂ ಅಪ್ಪಲರಾಜುವೂ ದ್ರವ ನೈಟ್ರೋಜನ್ ಪಂಪು ನೋಡಿಕೊಳ್ಳುತ್ತಿದ್ದೆವು. ಆ ದ್ರವ ಎಷ್ಟು ತಣ್ಣಗೆಂದರೆ, ಅದಕ್ಕೆ ನಮ್ಮ ಸಾಧಾರಣ ಕಬ್ಬಿಣವೇ ಕಾದ ಬಾಣಲೆ. ಪಂಪನ್ನು ಮೊದಲು ತಣಿಸಿ, ಮೈಮೇಲೆ ಬಿಳಿ ಹಿಮ ಕಟ್ಟುವ ತನಕ ಕಾಯಬೇಕು. ಇಲ್ಲದಿದ್ದರೆ ದ್ರವ ಒಳಗೇ ಕುದಿದು ಗುಳ್ಳೆಯೇಳುತ್ತದೆ. ಓಡುವ ಪಂಪಿನಲ್ಲಿ ಆ ಗುಳ್ಳೆ ಒಡೆಯುವಾಗ ಜಲ್ಲಿ ಅರೆದಂತೆ ಸದ್ದು ಬರುತ್ತದೆ.

ಆ ದಿನ ಟ್ಯಾಂಕರು ಕಾಯುತ್ತಿತ್ತು. ಸೂಪರ್‌ವೈಸರ್ ಶೇಖರಪ್ಪ ನಮ್ಮ ಬಳ್ಳಾರಿಯವನೇ.

"ಏನಲೇ ರಾಜು, ಪಂಪಿಗೆ ಮದುಮಗಳ ಸಿಂಗಾರ ಮಾಡಾಕ ಹತ್ತೀಯೇನು? ಒತ್ತು ಸ್ವಿಚ್ಚು!"

"ಇಂಕಾ ಕೂಲ್ ಕಾಲೇದಂಡಿ," ಇನ್ನೂ ತಣಿದಿಲ್ಲ ಎಂದು ಅಪ್ಪಲರಾಜು ಬೇಡಿಕೊಂಡ. ಬೈಗುಳ ತಾಳದೆ ಕೊನೆಗೆ ಒತ್ತಿದ. ಜಲ್ಲಿ ಅರೆಯಿತು, ಸೀಲು ಒಡೆಯಿತು, ದ್ರವ ಅವನ ಬಲಗೈ ಮೇಲೆ ಚಿಮ್ಮಿತು. ಆ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಕುಸಿದ. ಮೂರು ಬೆರಳು ಹೋದವು. ವಿಚಾರಣೆಯಲ್ಲಿ ಶೇಖರಪ್ಪ, "ಅವನೇ ಅವಸರ ಮಾಡಿದ" ಎಂದ. ನಾನು ಕಂಡದ್ದನ್ನು ಹೇಳಿದೆ. ನನ್ನನ್ನೂ ಅಪ್ಪಲರಾಜುವನ್ನೂ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಆ ಜಲ್ಲಿ ಸದ್ದು ಶೇಖರಪ್ಪನ ಕಿವಿಯಲ್ಲೇ ಅರೆಯಲಿ ಎಂದು ಅಂದಿನಿಂದ ಬಯಸಿದ್ದೆ.

ವರ್ಷಗಳ ಮೇಲೆ ನಾನು ಕೊಂಡಪಲ್ಲಿಯ ಘಟಕ ಸೇರಿದೆ. ಒಂದು ಸಂಜೆ ಗವರ್ನರ್‌ಪೇಟೆಯಲ್ಲಿದ್ದ ಕಂಪನಿ ಆಫೀಸಿನಿಂದ ಹೊಸ ಪಂಪು ನೋಡಲು ಮ್ಯಾನೇಜರ್ ಬಂದ. ಅದೇ ಶೇಖರಪ್ಪ. ತಣಿಯದ ಪಂಪನ್ನು ಅವನ ಕೈಯಿಂದಲೇ ಚಾಲೂ ಮಾಡಿಸಲೇ ಎನಿಸಿತು. ಆದರೆ ನನ್ನ ಕೈಯಾರೆ ಪಂಪು ಕೆಡಿಸುವುದೇ? ಹಲ್ಲು ಕಚ್ಚಿಕೊಂಡು ತಣಿಸಿದೆ. ಬೆಣ್ಣೆಯ ಹಾಗೆ ಓಡಿತು. ನೋಡಿ ಮುಗಿದ ಮೇಲೆ ನಿಲ್ಲಿಸಿ, ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದೆ.

ಆಗ ಬಂತು ನೋಡಿ ಸದ್ದು! ನಿಂತ ಪಂಪಿನೊಳಗೆ ಜಲ್ಲಿ ಅರೆಯುತ್ತಿತ್ತು. ಉಳಿದ ದ್ರವ ಕುದಿದರೆ ಸುಯ್ಯೆನ್ನುತ್ತದೆ, ಇದು ಅದಲ್ಲ.

"ಬಂದ್ ಮಾಡಲೇ ಅದನ್ನ!" ಶೇಖರಪ್ಪ ಕೂಗಿದ.

"ಬಂದ್ ಐತ್ರಿ ಸಾರ್. ಫ್ಯೂಸ್ ನನ್ನ ಕೈಯಾಗೈತಿ."

ಪಕ್ಕದಲ್ಲಿದ್ದ ಎಲೆಕ್ಟ್ರಿಷಿಯನ್ ಶ್ರೀನು ನಮ್ಮಿಬ್ಬರ ಮುಖ ನೋಡಿ, "ಏಮೈಂದಿ ಸಾರ್?" ಏನಾಯಿತು ಎಂದು ಕೇಳಿದ. ಅವನಿಗೆ ಏನೂ ಕೇಳಿಸಿರಲಿಲ್ಲ. ಶೇಖರಪ್ಪ ಬಲಗೈಯನ್ನು ಕಂಕುಳಲ್ಲಿ ಒತ್ತಿಕೊಂಡು ಹಿಂದೆ ಹಿಂದೆ ಸರಿದ. ಥೇಟ್ ಅಪ್ಪಲರಾಜುವಿನ ಹಾಗೆ. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

ಮರುದಿನ ಪಂಪು ಬಿಚ್ಚಿದೆ. ಒಳಗೆ ಒಂದು ಗೀರೂ ಇರಲಿಲ್ಲ. ಆಮೇಲೆ ಆ ಸದ್ದು ಬರಲೇ ಇಲ್ಲ. ಏನಿತ್ತು ಅದು? ನನಗೆ ಗೊತ್ತಿಲ್ಲ.

ಶೇಖರಪ್ಪ ಆಗಾಗ ಫೋನ್ ಮಾಡುತ್ತಾನೆ. "ಈಗೂ ಬರ್ತೈತೇನೋ?"

"ಬರ್ತೈತ್ರಿ. ಅಪ್ಪಲರಾಜು ಮನಿಗೆ ಹೋಗಿ, ತಪ್ಪು ನಂದು ಅಂತ ಹೇಳಿ ಬರ್ರಿ. ನಿಂತೀತು."

ಫೋನ್ ಇಟ್ಟುಬಿಡುತ್ತಾನೆ. ನಾನು ಹೇಳುವುದು ಸುಳ್ಳು. ಅವನು ಹೋಗಿ ಬರುವ ತನಕ ಹೇಳುತ್ತಲೇ ಇರುತ್ತೇನೆ. ಆದರೂ ಹಾಗೆ ಹೇಳಿದಾಗಲೆಲ್ಲ, ನಿಂತ ಪಂಪಿನ ಕಡೆ ಒಮ್ಮೆ ತಿರುಗಿ ನೋಡದೆ ಇರಲಾಗುವುದಿಲ್ಲ.