ವಾರಿಜಕ್ಕ ತಾನಾಗಿ ಬಿಟ್ಟದ್ದಲ್ಲ

ನಮ್ಮ ಕಡೆ ಹೊಸಬರನ್ನು ಕಂಡರೆ ಹೆಸರು ಕೇಳುವುದು ಆಮೇಲೆ. ಮೊದಲು ಕೇಳುವುದು, "ನಿನ್ನದು ಯಾವ ಮನೆ?" ಮನೆ ಗೊತ್ತಾದರೆ ಅಪ್ಪ ಗೊತ್ತಾದ, ಅಪ್ಪ ಗೊತ್ತಾದರೆ ಜಾತಿ ಗೊತ್ತಾಯಿತು. ಆಮೇಲೆ ಯಾರು ಎಲ್ಲಿ ಕೂರಬೇಕೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ವಾರಿಜಕ್ಕ ಒಂದು ವರ್ಷ ನಮ್ಮ ಭಜನಾ ಮಂದಿರದ ಇಪ್ಪತ್ತನಾಲ್ಕು ಮಕ್ಕಳಿಗೆ ಭಜನೆ ಕಲಿಸಿದರು. ಒಬ್ಬರನ್ನೂ ಯಾವ ಮನೆಯೆಂದು ಕೇಳಲಿಲ್ಲ. ಅವರು ಕೇಳುತ್ತಿದ್ದದ್ದು ಒಂದೇ: "ನಿನ್ನ ಸ್ವರ ಎಲ್ಲಿಂದ ಬರ್ತದೆ, ಗಂಟಲಿಂದಲಾ, ಹೊಟ್ಟೆಯಿಂದಲಾ?"

ಅವರು ತೋಡಾರಿನವರು. ವಾರವಿಡೀ ಬೀಡಿ ಕಟ್ಟುವುದು, ಶನಿವಾರ ಮತ್ತು ಭಾನುವಾರ ಭಜನೆ ಕಲಿಸುವುದು. ಮೂಡುಬಿದಿರೆಯಲ್ಲಿ ಒಮ್ಮೆ, ಬಂಟ್ವಾಳದಲ್ಲಿ ಇನ್ನೊಮ್ಮೆ ಬಸ್ಸು ಬದಲಿಸಿ, ಪುಂಜಾಲಕಟ್ಟೆಯಲ್ಲಿ ಇಳಿದು, ಅಲ್ಲಿಂದ ನಮ್ಮ ಊರಿಗೆ ನಡೆದೇ ಬರುತ್ತಿದ್ದರು. ಬಂದವರು ಕುತ್ತಿಗೆಯ ಬೆವರು ಒರೆಸಿ, ಬಾಟಲಿಯ ನೀರು ಕುಡಿದು, ನೇರ ತಾಳ ಕೈಗೆತ್ತಿಕೊಳ್ಳುವುದು. ಮಂದಿರದ ಅಧ್ಯಕ್ಷರು ನನ್ನ ದೊಡ್ಡಪ್ಪ. ಪದವಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅವರೇ ವಾರಿಜಕ್ಕನ ಸಹಾಯಕ್ಕೆ ಹಾಕಿದ್ದು. ಹಾಜರಿ ಬರೆಯುವುದು, ಹಾಡಿನ ಸಾಹಿತ್ಯ ಹಂಚುವುದು, ಮಕ್ಕಳಿಗೆ ಅವಲಕ್ಕಿ ಕಲಸುವುದು ನನ್ನ ಕೆಲಸ.

ಅವರ ಬೈಗುಳ ಚೆನ್ನಾಗಿತ್ತು. "ದೇವರು ಕಿವುಡ ಅಲ್ಲ ಮಾರಾಯ, ಕಿರುಚಬೇಡ." ಕುಣಿಯುವಾಗ ಹೆಜ್ಜೆ ತಪ್ಪಿ ಯಾರಾದರೂ ನಿಂತುಬಿಟ್ಟರೆ, "ತಪ್ಪಿದ್ರೆ ತಪ್ಪಲಿ, ನಿಲ್ಲಬೇಡಿ. ತಪ್ಪಿದವರಿಂದ ಭಜನೆ ಹಾಳಾಗುದಿಲ್ಲ, ನಿಂತವರಿಂದ ಹಾಳಾಗುದು." ಮೊದಲ ದಿನ ದೊಡ್ಡಪ್ಪ ಬಂದು, ದೊಡ್ಡ ಮನೆಗಳ ಮಕ್ಕಳನ್ನು ಮುಂದಿನ ಸಾಲಿಗೆ ಹಾಕಿದರೆ ಚಂದ ಎಂದು ಸೂಚಿಸಿದ್ದರು. ವಾರಿಜಕ್ಕ ಅವರನ್ನೇ ನೋಡಿ, "ಯಾವ ಮನೆ ಎಷ್ಟು ದೊಡ್ಡದು ಅಂತ ನಾನು ನೋಡಿಲ್ಲ ಅಲ್ವಾ ಅಣ್ಣ, ಎತ್ತರ ನೋಡಿ ನಿಲ್ಲಿಸ್ತೇನೆ," ಎಂದರು. ಹಾಗೆಯೇ ನಿಲ್ಲಿಸಿದರು.

ಎರಡನೆಯ ತಿಂಗಳೋ ಏನೋ, ಹಾಡಿನ ಮಧ್ಯೆ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. "ಮೆಟ್ಟಿಲ ಮೇಲೆ ಯಾರದು? ಒಳಗಿನ ಇಪ್ಪತ್ತಮೂರು ಜನ ತಪ್ಪು ಹಾಡ್ತಿದ್ದಾರೆ, ಹೊರಗಿನ ಒಬ್ಬಳು ಸರಿ ಹಾಡ್ತಿದ್ದಾಳೆ." ಅವಳು ಚಿತ್ರಾ. ಶಾಲೆಯ ಮೈದಾನದ ಆಚೆ ಕಾಲನಿಯ ಹುಡುಗಿ, ಹದಿನಾರು ವರ್ಷ. ವಾರವಾರವೂ ಮೆಟ್ಟಿಲಲ್ಲಿ ಕೂತು ಕೇಳುತ್ತಿದ್ದವಳನ್ನು ನಾನೂ ನೋಡುತ್ತಿದ್ದೆ. ಒಳಗೆ ಬಾ ಎನ್ನಬೇಕೆಂದು ನನಗೆ ಹೊಳೆದಿರಲಿಲ್ಲ. ವಾರಿಜಕ್ಕ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮೂರು ತಿಂಗಳಲ್ಲಿ ಅವಳು ಹಾಡು ಹೇಳುವವಳು, ಉಳಿದವರು ಅವಳ ಹಿಂದೆ ಹೇಳುವವರು.

ಆಗ ಯಾರೂ ಏನೂ ಅನ್ನಲಿಲ್ಲ. ಅನ್ನುವುದಾದರೂ ಹೇಗೆ? ಲಾಯಿಲದಲ್ಲಿ ನಮ್ಮ ತಂಡ ಹಾಡಿದಾಗ ಬೇರೆ ಊರಿನವರೂ ಎದ್ದು ಬಂದು ಮಕ್ಕಳ ಬೆನ್ನು ತಟ್ಟಿದರು. ಅಂದಿನ ಫೋಟೊದಲ್ಲಿ ದೊಡ್ಡಪ್ಪ ಚಿತ್ರಾಳ ಪಕ್ಕದಲ್ಲೇ ನಗುತ್ತ ನಿಂತಿದ್ದಾರೆ. ಅದನ್ನು ಮಂದಿರದ ವಾಟ್ಸಾಪ್ ಗುಂಪಿಗೆ ಹಾಕಿದ್ದೂ ಅವರೇ.

ಮಂದಿರದ ವಾರ್ಷಿಕ ಮಂಗಳೋತ್ಸವ ಬಂತು. ಅಂದು ಸೂರ್ಯ ಹುಟ್ಟುವಾಗ ಒಳಗೆ ದೀಪ ಇಟ್ಟರೆ ಮುಳುಗುವವರೆಗೆ ಒಂದು ತಂಡದ ನಂತರ ಇನ್ನೊಂದು ತಂಡ ದೀಪದ ಸುತ್ತ ಕೂತು ಹಾಡಬೇಕು. ಭಜನೆ ಒಂದು ಕ್ಷಣವೂ ನಿಲ್ಲಬಾರದು. ನಮ್ಮ ಮಕ್ಕಳ ಸರದಿ ಹನ್ನೊಂದು ಗಂಟೆಗೆ. ಹತ್ತೂವರೆಗೆ ದೊಡ್ಡಪ್ಪ ನನ್ನನ್ನು ಬದಿಗೆ ಕರೆದರು.

"ಆ ಹುಡುಗಿ ಒಳಗೆ ಬೇಡ. ಅಂಗಳದಲ್ಲಿ ಒಂದು ಮೈಕ್ ಕೊಡುವ, ಅಲ್ಲಿಂದ ಹಾಡಲಿ."

"ವರ್ಷವಿಡೀ ಒಳಗೇ ಹಾಡಿದ್ದಾಳೆ ಅಲ್ವಾ ದೊಡ್ಡಪ್ಪ?"

"ಅದು ಅಭ್ಯಾಸ. ದೀಪ ಇಟ್ಟ ದಿನ ಬೇರೆ. ಒಂದು ಕ್ರಮ ಉಂಟಲ್ಲ. ನೀನೇ ಹೋಗಿ ಹೇಳು. ಹುಡುಗಿಗೆ ಹುಡುಗಿ ಹೇಳಿದ್ರೆ ಬೇಸರ ಆಗುದಿಲ್ಲ."

ಕ್ರಮ. ಈ ಮಾತನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಬಾಯಲ್ಲಿ ಹೇಳಲಾಗದ ಹೇಸಿಗೆಗೆ ನಮ್ಮ ಹಿರಿಯರು ಎಷ್ಟು ಶುದ್ಧವಾದ ಹೆಸರು ಇಟ್ಟಿದ್ದಾರೆ. ಆದರೆ ಉರಿಯಬೇಕಾದ ಹೊತ್ತಿನಲ್ಲಿ ಉರಿಯಲಿಲ್ಲ. ನಾನು ಹೋಗಿ ಹೇಳಿದೆ. ಹೊಸ ಬಿಳಿ ಸೀರೆ ಉಟ್ಟು, ಸೊಂಟಕ್ಕೆ ಕೇಸರಿ ಶಾಲು ಬಿಗಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದ ಚಿತ್ರಾಳಿಗೆ, ಒಳಗೆ ಜಾಗ ಸಾಲದು, ನೀನು ಹೊರಗಿಂದ ಹಾಡು ಎಂದೆ. ಕಾಲನಿಯಲ್ಲಿ ಹುಟ್ಟಿದವಳಿಗೆ ಅರ್ಥ ಹೇಳಿಕೊಡಬೇಕಾ?

ವಾರಿಜಕ್ಕ ಹಿಂದೆಯೇ ನಿಂತಿದ್ದರು. ನನ್ನನ್ನು ಒಮ್ಮೆ ನೋಡಿದರು, ಅಷ್ಟೆ. ಒಳಗೆ ಹಿಂದಿನ ತಂಡ ಕೊನೆಯ ಹಾಡಿನ ಕೊನೆಯ ಸಾಲಿಗೆ ಬಂದಿತ್ತು. "ಮಕ್ಕಳೇ, ಒಳಗೆ ಜಾಗ ಸಾಲದಂತೆ. ಎಲ್ಲರೂ ಅಂಗಳಕ್ಕೆ ಇಳೀರಿ," ಎಂದರು. ಆ ಸಾಲು ಮುಗಿಯುವ ಮೊದಲೇ ತಾಳ ಹಾಕಿದರು, ಚಿತ್ರಾಳ ಬೆನ್ನಿಗೆ ಕೈ ಇಟ್ಟರು. ಅವಳ ಸ್ವರ ಮೊದಲು ನಡುಗಿತು, ಆಮೇಲೆ ಹೊಟ್ಟೆಯಿಂದ ಬಂತು. ಇಪ್ಪತ್ತನಾಲ್ಕು ಮಕ್ಕಳೂ ಬಿಸಿಲಲ್ಲಿ ನಿಂತು ಹಾಡಿದರು, ಕುಣಿದರು. ಭಜನೆ ಒಂದು ಕ್ಷಣವೂ ನಿಲ್ಲಲಿಲ್ಲ. ಒಳಗೆ ದೀಪದ ಸುತ್ತ ಖಾಲಿ ಚಾಪೆ, ಗೋಡೆಗೆ ಒರಗಿ ಕೂತ ಸಮಿತಿಯವರು. ಸ್ವಲ್ಪ ಹೊತ್ತಿನಲ್ಲಿ ಹೆಂಗಸರು ಒಬ್ಬೊಬ್ಬರೇ ಎದ್ದು ಜಗಲಿಗೆ ಬಂದರು. ದೊಡ್ಡಪ್ಪ ಎದ್ದು ಬರಲಿಲ್ಲ.

ಅದಾದ ಮೂರನೆಯ ಭಾನುವಾರ ವಾರಿಜಕ್ಕನಿಗೆ ಸನ್ಮಾನ ಇಟ್ಟುಕೊಂಡರು. ಹೊರಗೆ ಹಾಕುವುದನ್ನು ನಮ್ಮವರು ಇಷ್ಟು ಮರ್ಯಾದೆಯಿಂದ ಮಾಡುತ್ತಾರೆ. ಶಾಲು, ಹಾರ, ಹಣ್ಣಿನ ತಟ್ಟೆ, ಗಾಜು ಹಾಕಿದ ಸನ್ಮಾನ ಪತ್ರ. ಇನ್ನು ಬರಬೇಡಿ ಎಂದು ಫೋನಿನಲ್ಲಿ ಹೇಳಿದವರೇ ಮೈಕಿನಲ್ಲಿ ಅವರನ್ನು ತಾಯಿ ಎಂದರು, ಶಾರದೆ ಎಂದರು. ಪತ್ರ ಓದುವ ಕೆಲಸ ನನ್ನದು. ದೊಡ್ಡಪ್ಪ ಬರೆಸಿದ್ದು: "ದೂರದ ಪ್ರಯಾಣದ ಶ್ರಮದಿಂದ ತಾವು ಸ್ವಇಚ್ಛೆಯಿಂದ ಸೇವೆಯಿಂದ ಬಿಡುಗಡೆ ಬಯಸಿದ್ದೀರಿ." ಅದು ಸುಳ್ಳೆಂದು ನನಗೆ ಗೊತ್ತಿತ್ತು. ಓದಿದೆ, ತಡವರಿಸದೆ ಓದಿದೆ.

ವಾರಿಜಕ್ಕ ಶಾಲು ಹೊದೆಸಿಕೊಂಡರು. ಪತ್ರ ಕೊಡಲು ಹೋದಾಗ ಕೈ ಚಾಚಲಿಲ್ಲ.

"ಇದರಲ್ಲಿ ಒಂದು ತಪ್ಪು ಉಂಟು," ಎಂದರು. ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು, ಎಲ್ಲರಿಗೂ ಕೇಳಿತು. "ನಾನು ಬಿಟ್ಟದ್ದಲ್ಲ, ನೀವು ಬಿಡಿಸಿದ್ದು. ತಿದ್ದಿ ಕೊಡಿ, ತಕೊಂಡು ಹೋಗ್ತೇನೆ."

ದೊಡ್ಡಪ್ಪ ನಕ್ಕು, "ಅಕ್ಕನಿಗೆ ತಮಾಷೆ ಜಾಸ್ತಿ," ಎಂದು ಮೈಕ್ ತೆಗೆದುಕೊಂಡರು. ಪತ್ರ ಮೇಜಿನ ಮೇಲೆಯೇ ಉಳಿಯಿತು. ವಾರಿಜಕ್ಕ ಶಾಲು ಮಡಚಿ ಅದರ ಪಕ್ಕದಲ್ಲಿ ಇಟ್ಟು, ಮಕ್ಕಳ ತಲೆ ಸವರಿ, ಮೆಟ್ಟಿಲು ಇಳಿದು ಹೋದರು. ಚಿತ್ರಾ ಅಂದು ಬಂದಿರಲಿಲ್ಲ.

ಮರುವಾರ ಹಾಜರಿ ಪುಸ್ತಕವನ್ನು ದೊಡ್ಡಪ್ಪನ ಮನೆಗೆ ಕೊಟ್ಟು, ನಾನೂ ಇನ್ನು ಬರುವುದಿಲ್ಲ ಎಂದೆ. ಇಷ್ಟರಿಂದ ದೊಡ್ಡ ಕೆಲಸ ಮಾಡಿದೆನೆಂದು ಅಂದುಕೊಂಡೆ. ಆದರೂ ಸಮಾಧಾನ ಇರಲಿಲ್ಲ. ಎರಡು ತಿಂಗಳು ಕಳೆದು ತೋಡಾರಿಗೆ ಹೋದೆ. ವಾರಿಜಕ್ಕ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ಬೆಲ್ಲ, ನೀರು ಕೊಟ್ಟರು. ನಾನು ಅತ್ತುಬಿಟ್ಟೆ, ತಪ್ಪಾಯಿತು ಎಂದೆ. ಅವರು ಎಲೆ ಸುತ್ತುತ್ತಲೇ ಕೇಳಿದರು.

"ಚಿತ್ರಾ ಹಾಡ್ತಾಳಾ?"

"ಗೊತ್ತಿಲ್ಲ ಅಕ್ಕ."

ಕೈ ನಿಂತಿತು. ವರ್ಷವಿಡೀ ಬೈದವರ ಮುಖದಲ್ಲಿ ನಿಜವಾದ ಸಿಟ್ಟು ಕಂಡದ್ದು ಅಂದೇ. "ಗೊತ್ತಿಲ್ಲ ಅಂದ್ರೆ ಎಂತ? ನಿನ್ನ ಮನೆಯಿಂದ ಮೈದಾನ ದಾಟಿದ್ರೆ ಅವಳ ಮನೆ. ಅದಕ್ಕೆ ಎರಡು ತಿಂಗಳಿಂದ ಕಾಲು ಬರ್ಲಿಲ್ಲ. ತೋಡಾರಿಗೆ ಮೂರು ಬಸ್ಸು ಹತ್ತಿ ಬಂದೆ. ನನಗೆ ನೀನು ಎಂತ ಮಾಡಿದ್ದಿ? ಒಂದು ಕಾಗದ ಓದಿದ್ದಿ. ಮೆಟ್ಟಿಲ ಬುಡದಲ್ಲಿ ಹೋಗಿ ಹೇಳಿದ್ದು ಯಾರಿಗೆ?" ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದರು. "ನಾಲ್ಕು ಗಂಟೆಗೆ ಬಸ್ಸು ಉಂಟು. ಹೋಗು."

ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು. ಈಗ ಮಗಳ ಜೊತೆ ಮುಂಬಯಿಯಲ್ಲಿ ಇದ್ದಾರಂತೆ.

ಅಂದು ಸಂಜೆಯೇ ಮೈದಾನ ದಾಟಿದೆ. ಚಿತ್ರಾ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ನೀವು ಓದಿದ್ದು ಕೇಳಿತ್ತು ಅಕ್ಕ. ಮಂದಿರದ ಮೈಕ್ ಇಲ್ಲಿಗೆ ಚೆನ್ನಾಗಿ ಕೇಳ್ತದೆ," ಎಂದಳು. ಸಿಟ್ಟಿಲ್ಲದೆ ಹೇಳಿದಳು. ಬಟ್ಟೆ ಹಿಂಡಿ ಬಕೆಟಿಗೆ ಹಾಕಿ, "ವಾರಿಜಕ್ಕ ಇನ್ನು ಬರುದಿಲ್ವಾ?" ಎಂದು ಕೇಳಿದಳು.

"ಇಲ್ಲ," ಎಂದೆ. "ಅವರು ಬಿಟ್ಟದ್ದಲ್ಲ, ನಾವು ಬಿಡಿಸಿದ್ದು."

ಆ ಮಾತನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆಗ, ಅದು ಎಲ್ಲರಿಗಿಂತ ಮೊದಲೇ ಗೊತ್ತಿದ್ದವಳ ಎದುರು.